ಎರಡನೆಯ ಬಾಟಲಿ

ಕನ್ನಡಕ ತೆಗೆದು, ದುಪಟ್ಟಾದ ತುದಿಯಿಂದ ಒರೆಸಿಕೊಂಡು, ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದರೂ ಸತ್ತ ಕೋಶಗಳು ಸತ್ತೇ ಇದ್ದವು. ಎರಡು ಸಲ ನೋಡಿಯಾಗಿತ್ತು, ಇದು ಮೂರನೆಯದು. ಈ ಸಲವಾದರೂ ಅವು ನಾಚಿಕೊಂಡು ಎದ್ದು ಕೂರಬಹುದೇನೋ ಎಂಬಂತೆ ಲಾವಣ್ಯಾ ಗುಂಡಿಯನ್ನು ಅತ್ತ ಇತ್ತ ತಿರುಗಿಸುತ್ತಲೇ ಇದ್ದಳು. ಹಾಸುಗಲ್ಲುಗಳಂತೆ ಒಂದಕ್ಕೊಂದು ಒತ್ತಿಕೊಂಡು ತಟ್ಟೆಯ ತಳಕ್ಕೆ ಅಂಟಿರಬೇಕಾದವು ಮುದುಡಿ, ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು. ಬೆನ್ನ ಹಿಂದೆ ಯಕ್ಷಿತಾ ನಿಂತಿದ್ದಳು. ಅಂಧೇರಿಯಿಂದ ಬರುವ, ಲ್ಯಾಬಿಗೆ ಸೇರಿ ನಾಲ್ಕು ತಿಂಗಳಾದ ಹುಡುಗಿ. ಅವಳ ಉಸಿರು ಕೇಳಿಸುವಷ್ಟು ಹತ್ತಿರ. ಬೆಳಿಗ್ಗೆ ವಾರ್ಡಿನಲ್ಲಿ ಅಮ್ಮನ ಕಾಲಿನ ಪಟ್ಟಿ ಬಿಚ್ಚಿದಾಗ ಮೂಗಿಗೆ ಹೊಡೆದ ವಾಸನೆ ಇನ್ನೂ ತನ್ನ ಬಟ್ಟೆಯಲ್ಲಿದೆಯೆಂದೂ, ಅದು ಈ ಹುಡುಗಿಗೆ ಬರುತ್ತಿದೆಯೆಂದೂ, ಅದಕ್ಕೇ ಇವಳು ಉಸಿರನ್ನು ಇಷ್ಟು ಜೋರಾಗಿ ಬಿಡುತ್ತಿರುವುದೆಂದೂ ಲಾವಣ್ಯಾಳಿಗೆ ಅನ್ನಿಸಿ ಸಿಟ್ಟು ಬಂತು.

"ಕೈ ನಡುಗಿಸಿರ್ತೀ. ಇಲ್ಲಾಂದ್ರೆ ಹೀಗೆ ಆಗುದೇ ಇಲ್ಲ," ಎಂದಳು, ತಿರುಗದೆ.

"ಇಲ್ಲ ದೀದಿ. ಬುಕ್‌ನಲ್ಲಿ ಇದ್ದ ಹಾಗೇ ಮಾಡಿದ್ದು. ಎಲ್ಲ ಸೇಮ್. ಮತ್ಲಬ್... ಬಾಟಲಿ ಮಾತ್ರ ಹೊಸದು."

"ನನಗೆ ಮೂರು ಸಲ ಸರಿಯಾಗಿ ಬಂದಿದೆ."

"ಹೌದು ದೀದಿ."

ಆ ಹೌದಿನಲ್ಲಿ ಒಂದಿಷ್ಟು ವ್ಯಂಗ್ಯವಿದ್ದಿದ್ದರೆ ಬೈದು ಹಗುರಾಗಬಹುದಿತ್ತು. ಹುಡುಗಿ ಪಾಪ, ನಿಜವಾಗಿಯೂ ಹೆದರಿದ್ದಳು.

ಲಾವಣ್ಯಾಳ ಕೆಲಸ ಹೇಳಿಕೊಳ್ಳಲು ಸುಲಭ. ಮನುಷ್ಯರ ರಕ್ತನಾಳದ ಒಳಗೋಡೆಗೆ ಒಂದೇ ಒಂದು ಪದರ ಕೋಶಗಳ ಹೊದಿಕೆ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಮೊದಲು ಸಾಯುವುದು ಅದು. ಆಮೇಲೆ ಕಣ್ಣು, ಮೂತ್ರಪಿಂಡ, ಕಾಲು ಒಂದರ ಹಿಂದೊಂದು ಸಾಲು ಹಿಡಿಯುತ್ತವೆ. ಹೆರಿಗೆ ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ಬರುವ ಹೊಕ್ಕುಳಬಳ್ಳಿಯಿಂದ ಆ ಕೋಶಗಳನ್ನು ಬಿಡಿಸಿ, ತಟ್ಟೆಯಲ್ಲಿ ಬೆಳೆಸಿ, ಮೂರು ಪಾಲು ಮಾಡುವುದು. ಒಂದಕ್ಕೆ ಬರೀ ಆಹಾರದ ದ್ರಾವಣ. ಇನ್ನೊಂದಕ್ಕೆ ಅದೇ ದ್ರಾವಣ, ಮೇಲೆ ಬೇಕಾದಷ್ಟು ಸಕ್ಕರೆ. ಮೂರನೆಯದಕ್ಕೆ ಸಕ್ಕರೆಯೂ ಉಂಟು, ಜೊತೆಗೆ ಔಷಧವೂ ಉಂಟು. ಔಷಧವೆಂದರೆ ಹೊಸದೇನಲ್ಲ, ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವ, ಅಮ್ಮನೇ ಹತ್ತು ವರ್ಷದಿಂದ ನುಂಗುತ್ತಿರುವ ಡಯಾಬಿಟಿಸ್ ಮಾತ್ರೆಯ ಪುಡಿ. ಅದು ಸಕ್ಕರೆ ಇಳಿಸುವುದಷ್ಟೇ ಅಲ್ಲ, ಸಕ್ಕರೆ ಏರಿದ್ದಾಗಲೂ ನಾಳದ ಕೋಶವನ್ನು ಕಾಯುತ್ತದೆಯೇ ಎಂಬುದು ಪ್ರಶ್ನೆ. ಜೂನ್ ತಿಂಗಳಿನಲ್ಲಿ ಉತ್ತರ ಸಿಕ್ಕಿತ್ತು. ಎರಡನೆಯ ತಟ್ಟೆಯಲ್ಲಿ ಹೆಣ. ಇವತ್ತು ಯಕ್ಷಿತಾಳ ಕೈಯಲ್ಲಿ ಹೆಣವಾದ ಆ ಮೂರನೆಯದರಲ್ಲಿ ಆಗ ಒಂದೂ ಅಲುಗಾಡದೆ ಮಲಗಿದ ಜೀವಂತ ಕೋಶಗಳು. ಅದರ ಫೋಟೋವನ್ನು ಫೋನಿನಲ್ಲಿ ತಂದು ತೋರಿಸಿದಾಗ ಅಮ್ಮ ಅದನ್ನು ವಿಕ್ರೋಳಿಯ ಚಾಳಿನ ಈ ತುದಿಯಿಂದ ಆ ತುದಿಯವರೆಗೆ ಮೆರವಣಿಗೆ ಮಾಡಿಸಿದ್ದಳು. ಪಕ್ಕದ ಮೋಹಿನಿ ಆಂಟಿ ಫೋನನ್ನು ತಲೆಕೆಳಗಾಗಿ ಹಿಡಿದು, "ಚೆಂದ ಉಂಟು," ಎಂದಿದ್ದಳು. ಹೊಕ್ಕುಳಬಳ್ಳಿಯನ್ನು ಮಣ್ಣಿನಲ್ಲಿ ಹೂಳುವುದು ಬಿಟ್ಟು ಸಕ್ಕರೆಯಲ್ಲಿ ಅದ್ದುವ ಮಗಳ ಕಸುಬಿನ ಬಗ್ಗೆ ಅಲ್ಲಿಯವರೆಗೆ ಅಮ್ಮನಿಗೆ ಒಂದು ಸಣ್ಣ ಅಸಹ್ಯವಿತ್ತು. ಆ ದಿನದಿಂದ ಅದು ಹೋಯಿತು. ಅದರ ಜಾಗಕ್ಕೆ ಬಂದ ಹೆಮ್ಮೆಯೇ ಈಗ ಆಸ್ಪತ್ರೆಯ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು, ಡಾಕ್ಟರು ಹಿಡಿದ ಕಾಗದಕ್ಕೆ ಸಹಿ ಹಾಕದೆ ಕೂತಿತ್ತು.

"ಬೆರಳು ತೆಗೆಯುದು ಬೇಡ," ಎಂದಿದ್ದಳು ಅಮ್ಮ ಬೆಳಿಗ್ಗೆ. ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು, ಪಕ್ಕದ್ದು ಆಗುತ್ತಿತ್ತು. "ನನ್ನ ಮಗಳು ಸಾಯನ್ಸಿನಲ್ಲಿ ಕಂಡುಹಿಡಿದದ್ದು ಉಂಟು. ಆ ಮಾತ್ರೆ ನಾಳವನ್ನು ಕಾಯ್ತದೆ. ಹದಿನೈದು ದಿನ ಕೊಡಿ, ನೋಡುವ." ಮನೀಶ್ ಎಂಬ ರೆಸಿಡೆಂಟ್ ಡಾಕ್ಟರು ಅಮ್ಮನ ಹಿಂದಿಯಲ್ಲಿ ಇದನ್ನು ಕೇಳಿಸಿಕೊಂಡು ಲಾವಣ್ಯಾಳ ಕಡೆ ನೋಡಿದ್ದ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಸಂಜೆ ಐದರೊಳಗೆ ಸಹಿಯಾದರೆ ನಾಳೆ ಬೆಳಗಿನ ಆಪರೇಷನ್ ಪಟ್ಟಿಯಲ್ಲಿ ಮೊದಲನೆಯ ಹೆಸರು, ಇಲ್ಲದಿದ್ದರೆ ಸೋಮವಾರ. ಸೋಮವಾರದ ಹೊತ್ತಿಗೆ ಎರಡು ಬೆರಳಿನ ಮಾತು ಇರುವುದಿಲ್ಲ, ಮೊಣಕಾಲಿನ ಕೆಳಗೆ ಎಲ್ಲಿ ಎಂಬ ಮಾತು ಎಂದು ಅವನು ಹೇಳಿ ಹೋಗಿದ್ದ. ಅವನು ಹೋದ ಮೇಲೆ ಲಾವಣ್ಯಾ ಅಮ್ಮನಿಗೆ ಸಹಿ ಹಾಕು ಎಂದಳೇ ಹೊರತು ಮಾತ್ರೆಯ ಬಗ್ಗೆ ಒಂದಕ್ಷರ ಆಡಲಿಲ್ಲ. ಆಗ ಅವಳಿಗೂ ಆ ಮಾತ್ರೆಯಲ್ಲಿ ನಂಬಿಕೆಯಿತ್ತು. ಎಷ್ಟೆಂದರೆ, ಬೆರಳು ಕಪ್ಪಾದದ್ದು ಮಾತ್ರೆ ಸೋತದ್ದರಿಂದಲ್ಲ, ಅಮ್ಮ ಹೊತ್ತು ಹೊತ್ತಿಗೆ ನುಂಗದೆ ಇದ್ದದ್ದರಿಂದ ಎಂದು ಲ್ಯಾಬಿಗೆ ನಡೆದು ಬರುವಾಗ ಮನಸ್ಸಿನೊಳಗೇ ಅಮ್ಮನನ್ನು ಬೈದುಕೊಂಡಿದ್ದಳು.

ಬಾಟಲಿ ಮಾತ್ರ ಹೊಸದು ಎಂದಳಲ್ಲ. ಲಾವಣ್ಯಾ ಎದ್ದು ಕೋಲ್ಡ್ ರೂಮಿಗೆ ಹೋದಳು. ಅಲ್ಲಿ ಹೋಗಿ ನಿಲ್ಲುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ. ಅಳು ಬಂದರೆ ಅಲ್ಲಿ ಯಾರಿಗೂ ಕಾಣುವುದಿಲ್ಲ, ಮೂಗು ಕೆಂಪಾದರೆ ಚಳಿಯ ಮೇಲೆ ಹಾಕಬಹುದು. ಕೆಳಗಿನ ಕಪಾಟಿನ ಹಿಂದುಗಡೆ ಜೂನ್ ತಿಂಗಳಿನ ಎರಡು ಬಾಟಲಿಗಳು ಇದ್ದವು, ತಳದಲ್ಲಿ ಎರಡೆರಡು ಬೆರಳಿನಷ್ಟು ಗುಲಾಬಿ ದ್ರಾವಣ. ಒಂದರ ಮೇಲೆ ಸಕ್ಕರೆ ಎಂದೂ ಇನ್ನೊಂದರ ಮೇಲೆ ಸಕ್ಕರೆ ಮತ್ತು ಔಷಧ ಎಂದೂ ತನ್ನದೇ ಅಕ್ಷರ. ಎಸೆಯಬೇಕಾದವನ್ನು ಎಸೆಯದೆ ಇಟ್ಟದ್ದು ಮೋಹದಿಂದ. ಗೆದ್ದ ಬಾಟಲಿ ತಾನೇ. ಅವುಗಳನ್ನು ಎತ್ತಿಕೊಂಡು ಹೊರಗೆ ಬಂದು ಮೇಜಿನ ಮೇಲಿಟ್ಟಾಗ, ಯಾವ ದೇವರು ಕೈಹಿಡಿದು ಮಾಡಿಸಿದನೋ, ಅವಳು ಚೀಲದಿಂದ ಅಮ್ಮನ ಶುಗರ್ ನೋಡುವ ಮೆಷಿನ್ ತೆಗೆದಳು. ವಾರ್ಡಿನಲ್ಲಿ ಅದು ಬೇಡವೆಂದು ಸಿಸ್ಟರ್ ವಾಪಸ್ ಕೊಟ್ಟಿದ್ದರು. ಲ್ಯಾಬಿನಲ್ಲಿ ಅಳೆಯಲು ಸರಿಯಾದ ಯಂತ್ರವಿದೆ, ಆದರೆ ಅದಕ್ಕೆ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು, ಯಾವುದಕ್ಕೆ ಎಂದು ಬರೆಯಬೇಕು. ಸಕ್ಕರೆಯ ಬಾಟಲಿಯಿಂದ ಒಂದು ತೊಟ್ಟು ಮೆಷಿನ್ನಿನ ಪಟ್ಟಿಗೆ ಮುಟ್ಟಿಸಿದಳು. ಐನೂರ ಎಪ್ಪತ್ತು. ಸರಿ. ಎರಡನೆಯ ಬಾಟಲಿಯಿಂದ ಒಂದು ತೊಟ್ಟು. ಮೆಷಿನ್ ಐದು ಸೆಕೆಂಡು ಯೋಚಿಸಿ ನೂರ ಒಂದು ಎಂದಿತು.

ನೂರ ಒಂದು. ಹತ್ತು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನ ಬೆರಳು ಚುಚ್ಚಿ ಈ ಗಾಜಿನಲ್ಲಿ ಇಂಥ ಒಂದು ಅಂಕೆ ಕಾಣಲಿ ಎಂದು ಲಾವಣ್ಯಾ ಬೇಡಿಕೊಂಡದ್ದುಂಟು. ಒಮ್ಮೆಯೂ ಬಂದಿರಲಿಲ್ಲ. ಇನ್ನೊಂದು ಪಟ್ಟಿ ತೆಗೆದಳು. ತೊಂಬತ್ತೊಂಬತ್ತು. ಮತ್ತೊಂದು. ನೂರ ಮೂರು. ಬಾಟಲಿಗೆ ಸಕ್ಕರೆ ಬಿದ್ದೇ ಇರಲಿಲ್ಲ. ಮೂರನೆಯ ತಟ್ಟೆಯ ಕೋಶಗಳು ಬದುಕಿ ಉಳಿದದ್ದು ಅವನ್ನು ಯಾರೂ ಕೊಲ್ಲಲು ಹೋಗದೆ ಇದ್ದದ್ದರಿಂದ. ಔಷಧಕ್ಕೆ ಕಾಯುವ ಕೆಲಸವೇ ಇರಲಿಲ್ಲ. ಮೂರು ಸಲವೂ ಅದೇ ಬಾಟಲಿ, ಮೂರು ಸಲವೂ ಅದೇ ಗೆಲುವು, ಮೂರು ಸಲವೂ ಕುಣಿದಾಡಿದ್ದು. ಈಗ ಹೊಸ ಬಾಟಲಿ ಮಾಡಿದ ಯಕ್ಷಿತಾ ಸಕ್ಕರೆಯನ್ನು ಸಕ್ಕರೆಯಾಗಿ ಹಾಕಿದ್ದಳು, ಅಷ್ಟೇ.

ನೋಟ್‌ಬುಕ್ ತೆಗೆದು ನೋಡಿದಳು. ಎರಡೂ ಬಾಟಲಿಯ ಎದುರು ಸಕ್ಕರೆ ಹಾಕಿದ್ದಕ್ಕೆ ಟಿಕ್ ಇತ್ತು. ಇರಲೇಬೇಕು. ಗ್ಲೌಸ್ ಹಾಕಿ, ಸೋಂಕು ತಾಗದಂತಿರುವ ಗಾಜಿನ ಹುಡ್‌ನೊಳಗೆ ಕೈಯಿಟ್ಟ ಮೇಲೆ ಪೆನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಗ್ಲೌಸ್ ಬದಲಿಸಬೇಕು. ಹಾಗಾಗಿ ಹನ್ನೆರಡು ವರ್ಷದಿಂದ ಲಾವಣ್ಯಾ ಕೆಲಸಕ್ಕೆ ಕೂರುವ ಮೊದಲೇ ಮಾಡಬೇಕಾದ ಎಲ್ಲದಕ್ಕೂ ಟಿಕ್ ಹಾಕಿಬಿಡುತ್ತಿದ್ದಳು. ತಪ್ಪೆಂದು ಗೊತ್ತಿತ್ತು. ಎಲ್ಲರೂ ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಈ ಬಾಟಲಿಗಳನ್ನು ಮಾಡಿದ ದಿನ ಮೊದಲನೆಯದಕ್ಕೆ ಸಕ್ಕರೆ ಹಾಕಿ ಮುಚ್ಚಳ ತಿರುಗಿಸುವಾಗ ಕೋಟಿನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅಮ್ಮ. ಅಮ್ಮ ಕೆಲಸದ ಹೊತ್ತಿನಲ್ಲಿ ಫೋನು ಮಾಡುವವಳೇ ಅಲ್ಲ. ಲಾವಣ್ಯಾ ಗ್ಲೌಸ್ ಕಿತ್ತೆಸೆದು ಕಾರಿಡಾರಿಗೆ ಓಡಿದ್ದಳು.

"ಮಗಾ, ಕ್ಲಿನಿಕ್ಕಿನ ಡಾಕ್ಟರು ಇನ್ನು ಮಾತ್ರೆಯಲ್ಲಿ ಆಗುದಿಲ್ಲ ಅಂತಾರೆ. ಸೂಜಿ ಶುರು ಮಾಡ್ಬೇಕಂತೆ. ನಿನ್ನ ಅಪ್ಪನಿಗೂ ಹೀಗೇ ಸೂಜಿ ಶುರು ಮಾಡಿದ್ದು, ವರ್ಷ ತುಂಬ್ಲಿಲ್ಲ. ನಂಗೆ ಹೆದರಿಕೆ ಆಗ್ತದೆ."

ಅಪ್ಪ ಚೆನ್ನಯ ಸತ್ತದ್ದು ಇನ್ಸುಲಿನ್ ಸೂಜಿಯಿಂದಲ್ಲ, ಸೂಜಿ ತಡವಾಗಿ ಬಂದದ್ದರಿಂದ. ಅದನ್ನು ಸಾವಿರ ಸಲ ಹೇಳಿಯಾಗಿತ್ತು. ಅಮ್ಮನ ಅಳು ಕೇಳಿ ಆಗ ಹೇಳಲಾಗಲಿಲ್ಲ. "ಈಗ ಬೇಡ ಅಂತ ಹೇಳು. ಚೌತಿ ಆದ ಮೇಲೆ ನೋಡುವ," ಎಂದು ಸಮಾಧಾನ ಮಾಡಿ, ವಾಪಸ್ ಬಂದು, ಹೊಸ ಗ್ಲೌಸ್ ಹಾಕಿಕೊಂಡು, ನೋಟ್‌ಬುಕ್ಕಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಎರಡೂ ಸಾಲಿಗೆ ಟಿಕ್ ಇತ್ತು. ಸಕ್ಕರೆ ಆಯಿತೆಂದುಕೊಂಡು ಎರಡನೆಯ ಬಾಟಲಿಗೆ ಔಷಧ ಹಾಕಿದಳು. ಹದಿನೈದು ದಿನದ ನಂತರ ತಟ್ಟೆಯಲ್ಲಿ ಆ ಜೀವಂತ ಕೋಶಗಳು ಕಂಡಾಗ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಅಂದಿದ್ದಳು: ಅಮ್ಮಾ, ಸೂಜಿ ಬೇಡವೇ ಬೇಡ. ಶುಗರ್ ಸ್ವಲ್ಪ ಮೇಲೆ ಇದ್ದರೂ ಈ ಮಾತ್ರೆ ನಿನ್ನ ನಾಳ ಕಾಯ್ತದೆ. ನಾನೇ ನೋಡಿದ್ದು. ಬರೀ ತಟ್ಟೆ ನೋಡಿ ಯಾವ ಡಾಕ್ಟರೂ ಹಾಗೆ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಟ್ಟೆಯ ಕೋಶಕ್ಕೂ ಅಮ್ಮನ ಕಾಲಿಗೂ ನಡುವೆ ಎಷ್ಟು ವರ್ಷದ, ಎಷ್ಟು ಜನರ ಪರೀಕ್ಷೆ ಇದೆಯೆಂದು ಯಕ್ಷಿತಾಳಿಗೆ ಪಾಠ ಹೇಳುವವಳೇ ಇವಳು. ಆದರೆ ಆ ಸಂಜೆ ಅಮ್ಮನ ಮುಖ ಅರಳಿದ ರೀತಿ ಇತ್ತಲ್ಲ, ಅದಕ್ಕಾಗಿ ಇನ್ನೂ ದೊಡ್ಡ ಸುಳ್ಳನ್ನಾದರೂ ಹೇಳುತ್ತಿದ್ದಳೇನೋ. ಅದು ಸುಳ್ಳೆಂದು ಆಗ ಗೊತ್ತಿರಲಿಲ್ಲ ಎಂಬುದು ಒಂದು ಸಮಾಧಾನ. ಸಮಾಧಾನದಿಂದ ಬೆರಳು ಕೆಂಪಾಗುವುದಿಲ್ಲ.

ಲ್ಯಾಬಿನ ಮುಖ್ಯಸ್ಥೆ ರಂಜನಾ ಮೇಡಂ ಅವರ ಕೋಣೆಗೆ ಹೋದದ್ದು ಹೇಳಿಬಿಡಬೇಕೆಂದೇ. ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಿದ್ದಳು. ಧಾರವಾಡದ ಕಡೆಯ ಮೇಡಂ ಕನ್ನಡ ಸಿಕ್ಕರೆ ಬಿಡುವವರಲ್ಲ.

"ಬಾ ಬಾ. ತಾಯಿ ಹೆಂಗದಾರವಾ? ಸಹಿ ಹಾಕಿದ್ರೇನು?"

"ಇನ್ನೂ ಇಲ್ಲ ಮೇಡಂ."

"ಹಾಕ್ತಾರ. ಹಳೇ ಮಂದಿ, ಹೆದರಿಕಿ ಇರ್ತದ. ನೀ ಇವತ್ತ ಬರೂದ ಬ್ಯಾಡಾಗಿತ್ತು." ಮೇಡಂ ತಮ್ಮ ಥರ್ಮಾಸಿನಿಂದ ಚಹ ಬಗ್ಗಿಸಿ ಅವಳ ಮುಂದಿಟ್ಟರು. "ಯಕ್ಷಿತಾ ಅಳಕೋತ ಬಂದಿದ್ಲು. ಅಕಿ ಕೈ ಇನ್ನೂ ಪಳಗಿಲ್ಲ. ಅದನ್ನ ಹಿಡಕೊಂಡು ಪೇಪರ್ ನಿಲ್ಲಸೂದು ಬ್ಯಾಡ. ನಿನ್ನ ಮೂರು ಸಲದ್ದು ಚೊಕ್ಕ ಅದ. ನಾಳೆ ಜರ್ನಲ್ಲಿಗೆ ಕಳಿಸಿಬಿಡೋಣ. ನೀ ತಾಯಿ ಕಡೆ ಲಕ್ಷ್ಯ ಕೊಡು."

ಲಾವಣ್ಯಾ ಚಹ ಕುಡಿದಳು. ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಹದ ಜೊತೆಗೆ ಅದೂ ಒಳಗೆ ಹೋಯಿತು. ಮೇಡಂ ಗದರಿದ್ದರೆ ಹೇಳುತ್ತಿದ್ದಳು. ಇಷ್ಟು ಮರುಕದ ಎದುರು ತಪ್ಪೊಪ್ಪಿಕೊಳ್ಳುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೊರಗೆ ಯಕ್ಷಿತಾ ಸಿಂಕಿನ ಎದುರು ನಿಂತು ಆಗಲೇ ತೊಳೆದ ತಟ್ಟೆಗಳನ್ನು ಮತ್ತೆ ತೊಳೆಯುತ್ತಿದ್ದಳು. ಲಾವಣ್ಯಾ ಅವಳನ್ನು ದಾಟಿಕೊಂಡು ಮೆಟ್ಟಿಲಿಳಿದು ಬಂದಳು. ಥೂ, ಎಂದುಕೊಂಡಳು ತನಗೇ.

ಲ್ಯಾಬಿನಿಂದ ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ. ಪರೇಲಿನ ಫುಟ್‌ಪಾತಿನ ಉದ್ದಕ್ಕೂ ಊರೂರಿಂದ ಬಂದ ರೋಗಿಗಳ ಮನೆಯವರು ಚಾಪೆ ಹಾಸಿ, ಸ್ಟವ್ ಹಚ್ಚಿ, ಸಂಸಾರ ಹೂಡಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ, ಎಲ್ಲರ ಮುಖದಲ್ಲೂ ಯಾರೋ ಒಬ್ಬರು ಏನೋ ಒಂದು ಹೇಳಿದ್ದಾರೆಂಬ ನಂಬಿಕೆ. ಲಾವಣ್ಯಾಳಿಗೆ ಅವರನ್ನು ದಾಟಿ ಹೋಗುವುದು ಕಷ್ಟವಾಯಿತು. ಅಮ್ಮ ಸಹಿ ಹಾಕದೆ ಇರುವುದು ಹಟದಿಂದಲ್ಲ, ನನ್ನಿಂದ. ಸಹಿ ಹಾಕಿಸಬೇಕಾದರೆ ಆ ನಂಬಿಕೆಯನ್ನು ಕಿತ್ತು ತೆಗೆಯಬೇಕು. ಬೇರೆ ದಾರಿ ಯೋಚಿಸಿದಳು. ಮಾತ್ರೆ ಒಳ್ಳೆಯದೇ, ಆದರೆ ನಿನ್ನ ವಯಸ್ಸಿಗೆ ಹಿಡಿಯಲಿಲ್ಲ ಎನ್ನಬಹುದು. ಬೆರಳು ತೆಗೆದ ಮೇಲೆ ಮಾತ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎನ್ನಬಹುದು. ಅಮ್ಮ ಎರಡನ್ನೂ ನಂಬುತ್ತಾಳೆ. ನಂಬುತ್ತಾಳೆ ಎಂಬುದಕ್ಕೇ ಎರಡನ್ನೂ ಕೈಬಿಟ್ಟಳು.

ವಾರ್ಡಿನಲ್ಲಿ ಅಮ್ಮ ಎದ್ದು ಕೂತು ತಲೆ ಬಾಚಿಕೊಂಡಿದ್ದಳು. ಪಕ್ಕದ ಹಾಸಿಗೆಯ ನೀಲಾಬಾಯಿ ಸಾಮಾನು ಕಟ್ಟುತ್ತಿದ್ದಳು. ಮೂರು ವಾರದ ಹಿಂದೆ ಹಿಮ್ಮಡಿಯ ಹುಣ್ಣಿಗೆಂದು ಸೇರಿದ್ದ, ಎಲೆಯಡಿಕೆಯಿಂದ ಬಾಯಿ ಕೆಂಪಾದ, ಮೀನು ಮಾರುವ ಹೆಂಗಸು. ಸಂಜೆ ಅವಳ ಡಿಸ್ಚಾರ್ಜು. ಲಾವಣ್ಯಾ ಸ್ಟೂಲು ಎಳೆದುಕೊಂಡು ಕೂತಳು. ಅಮ್ಮನ ಕಾಲಿನ ಮೇಲೆ ಹೊದಿಕೆಯಿತ್ತು.

"ಅಮ್ಮಾ, ಒಂದು ವಿಷಯ ಹೇಳ್ಬೇಕು. ನಡುವೆ ಮಾತಾಡ್ಬೇಡ."

"ಎಂತ, ಯಾರಾದ್ರೂ ಬೈದ್ರಾ?"

"ಜೂನಲ್ಲಿ ನಾನು ತೋರಿಸಿದ ಫೋಟೋ ಉಂಟಲ್ಲ, ಅದು ತಪ್ಪು. ಬಾಟಲಿಗೆ ಸಕ್ಕರೆ ಹಾಕ್ಲಿಕ್ಕೆ ನಾನು ಮರ್ತಿದ್ದೆ. ಇವತ್ತು ಗೊತ್ತಾಯ್ತು. ಮಾತ್ರೆ ಯಾವ ನಾಳವನ್ನೂ ಕಾಯ್ಲಿಲ್ಲ. ನೀನು ಆಗ್ಲೇ ಸೂಜಿ ತಗೊಳ್ಬೇಕಿತ್ತು. ಬೇಡ ಅಂತ ಹೇಳಿದ್ದು ನಾನು."

ಅಮ್ಮ ಅವಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಜಾಣೆಯಾದ ಮಗು ಎರಡೂ ಎರಡೂ ಐದು ಎಂದಾಗ ಟೀಚರು ನೋಡುವಂತೆ, ಇನ್ನೊಮ್ಮೆ ಹೇಳು ಎಂಬಂತೆ ನೋಡಿದಳು.

"ಸಕ್ಕರೆ ಹಾಕ್ಲಿಕ್ಕೆ ಮರ್ತೆಯಾ?"

"ಹೌದು."

"ನೀನಾ?"

"ಹೌದಮ್ಮ."

ಯಾಕೆ ಮರೆತೆ ಎಂದು ಕೇಳಿದ್ದರೆ ನಿನ್ನ ಫೋನು ಬಂದಿತ್ತು ಎನ್ನಬೇಕಾಗುತ್ತಿತ್ತು. ಕೇಳಲಿಲ್ಲ. ಹೊದಿಕೆಯ ನೂಲು ಎಳೆಯುತ್ತ, "ಮೇಡಮ್ಮನಿಗೆ ಹೇಳಿದ್ಯಾ?" ಎಂದಳು.

"ಇನ್ನೂ ಇಲ್ಲ. ಹೇಳ್ತೇನೆ."

"ಮೊದಲು ನಂಗೆ ಹೇಳಿದ್ದು. ನಂಗೆ ಹೇಳುದು ಸುಲಭ." ಅಮ್ಮನ ಧ್ವನಿ ಸಣ್ಣದಾಯಿತು. "ಅವರಿಗೂ ಹೇಳು. ಅವರದ್ದೇನೂ ಬೆರಳು ಹೋಗುದಿಲ್ಲ."

ಮನೀಶ್ ಡಾಕ್ಟರು ಬಂದಾಗ ಇನ್ನೂ ನಾಲ್ಕೂವರೆ. ಅಮ್ಮ ಪೆನ್ನಿಗೆ ಕೈಚಾಚಿ, 'ಅಪ್ಪಿ' ಎಂದು ಕನ್ನಡದಲ್ಲಿ, ತೂಕದ ವಸ್ತು ಎತ್ತಿ ಇಡುವ ಹಾಗೆ ಒಂದೊಂದೇ ಅಕ್ಷರ ಬರೆದಳು. ಎಲ್ಲ ಮುಗಿದಂತೆ ಲಾವಣ್ಯಾಳಿಗೆ ಒಂದು ಕ್ಷಣ ಎದೆ ಹಗುರಾಯಿತು. ಆ ಹಗುರಕ್ಕೆ ನಾಚಿಕೆಯೂ ಆಯಿತು. ಡಾಕ್ಟರು ಆ ಕಡೆ ಹೋದದ್ದೇ ಅಮ್ಮ ಅವಳ ಮುಂಗೈ ಹಿಡಿದಳು.

"ನೀಲಾಬಾಯಿಗೆ ಮಾತ್ರ ಹೇಳ್ಬೇಡ."

"ಅವರಿಗೆ ಯಾಕೆ?"

"ಅವಳಿಗೂ ಸೂಜಿ ಬರೆದು ಕೊಟ್ಟಿದ್ದಾರೆ, ಮನೆಯಲ್ಲಿ ದಿನಾ ತಗೊಳ್ಳಿಕ್ಕೆ. ನಾನು ಬೇಡ ಅಂದೆ. ನನ್ನ ಮಗಳದ್ದು ಮಾತ್ರೆ ಉಂಟು ಅಂತ ನನ್ನ ಮಾತ್ರೆಯ ಪಟ್ಟಿ ಕೊಟ್ಟೆ. ಸೂಜಿಯ ಡಬ್ಬಿ ಇಲ್ಲೇ ಮಂಚದ ಕೆಳಗೆ ಬಿಟ್ಟು ಹೋಗ್ತಾಳಂತೆ." ಅಮ್ಮನ ಕಣ್ಣು ತುಂಬಿತು. "ಮೂರು ವಾರ ನನ್ನನ್ನು ಡಾಕ್ಟರರ ಅಮ್ಮ ಅಂತ ಕರೆದಿದ್ದಾಳೆ, ಮಾರಾಯ್ತಿ. ಅವಳು ಹೋಗ್ಲಿ. ಆಮೇಲೆ ಯಾರ ಹತ್ರ ಬೇಕಾದ್ರೂ ಹೇಳು."

ಲಾವಣ್ಯಾ ಮಂಚದ ಕೆಳಗೆ ನೋಡಿದಳು. ಡಬ್ಬಿ ಇತ್ತು, ಸೀಲು ಒಡೆಯದೆ. ಅದನ್ನು ಎತ್ತಿಕೊಂಡು ಎದ್ದಳು. ಅಮ್ಮನ ಕೈ ಬಿಡಿಸಿಕೊಳ್ಳಲು ಬಲ ಬೇಕಾಯಿತು.

"ಯೇ ಪೋರಿ, ಬಸ್," ಎಂದು ನೀಲಾಬಾಯಿ ಮರಾಠಿಯಲ್ಲಿ ಕೂರಲು ಕರೆದು, ಗಂಟನ್ನು ಸರಿಸಿ ಹಾಸಿಗೆಯ ತುದಿಯಲ್ಲಿ ಜಾಗ ಮಾಡಿದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಮಾತ್ರೆಯ ಪಟ್ಟಿ ಬಿಚ್ಚಿ, ತೋರಿಸಿ, ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು. ಲಾವಣ್ಯಾ ಕೂರಲಿಲ್ಲ. ನಿಂತೇ, ಮರಾಠಿಯಲ್ಲಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು: ಮಾವಶಿ, ಈ ಮಾತ್ರೆಯಿಂದ ಹುಣ್ಣು ನಿಲ್ಲುವುದಿಲ್ಲ. ಸೂಜಿ ತಗೊಳ್ಳಲೇಬೇಕು. ತಗೊಳ್ಳದಿದ್ದರೆ ನಿಮ್ಮ ಕಾಲು ಹೋಗುತ್ತದೆ.

ನೀಲಾಬಾಯಿಯ ನಗು ಅಲ್ಲೇ ನಿಂತಿತು. "ಮತ್ತೆ ನಿನ್ನ ಅಮ್ಮ ಹೇಳಿದ್ದು? ನೀನೇ ಕಂಡುಹಿಡಿದದ್ದು ಅಂತ?"

ಲಾವಣ್ಯಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಮ್ಮನ ಹರುಕುಮುರುಕು ಮರಾಠಿ ಬಂತು. "ಅವಳು ಹೇಳಿದ್ದಲ್ಲ. ಅವಳು ಹಾಗೆ ಯಾವತ್ತೂ ಹೇಳ್ಲಿಲ್ಲ. ನಾನೇ ಸುಳ್ಳು ಹೇಳಿದ್ದು. ಮಗಳನ್ನು ದೊಡ್ಡದು ಮಾಡ್ಲಿಕ್ಕೆ."

ವಾರ್ಡು ಇಡೀ ತಿರುಗಿ ನೋಡಿತು. ನೀಲಾಬಾಯಿ ಮಾರುಕಟ್ಟೆಯ ಹೆಂಗಸು, ದನಿ ತಗ್ಗಿಸಿ ಗೊತ್ತಿಲ್ಲ. ನಾಚಿಕೆಯಿಲ್ಲದ ಮುದುಕಿ, ನನ್ನ ಮೊಮ್ಮಕ್ಕಳ ಬಾಯಿಗೆ ಮಣ್ಣು ಹಾಕುತ್ತಿದ್ದೆಯಲ್ಲೇ, ನಿನಗೆ ಕಾಲು ಕೊಳೆತದ್ದು ಸುಮ್ಮನೆ ಅಲ್ಲ ಎಂದು ಕೂಗುತ್ತ ಪಟ್ಟಿಯನ್ನು ಎಸೆದಳು. ಅದು ಅಮ್ಮನ ಮಡಿಲಿಗೆ ಬಿತ್ತು. ಅಮ್ಮ ತಲೆಬಾಗಿಸಿ, ಹೌದು, ಹೌದು ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಸೂಜಿಯ ಡಬ್ಬಿ ಹಿಡಿದು ಎರಡು ಮಂಚಗಳ ನಡುವೆ ನಿಂತಿದ್ದ ಲಾವಣ್ಯಾಳಿಗೆ, ಅಲ್ಲ, ನಾನೇ ಹೇಳಿದ್ದು ಎನ್ನಲು ಬೇಕಾದ ಮರಾಠಿ ಬರುತ್ತಿತ್ತು. ಅವಳು ಅನ್ನಲಿಲ್ಲ.